ಕಸೂತಿಯ ನವಿಲು, ಬಂಕಾಪುರದ ನವಿಲು: ದಿನಕ್ಕೊಂದು ಚಿತ್ರ ಬರೆಯುವವರಿಗೆ

ಪ್ರಶ್ನೆ: ನಾನು ಹುಬ್ಬಳ್ಳಿಯವಳು, ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ಕೆಲಸ. ದಿನಾ ಒಂದು ಸ್ಕೆಚ್ ಮಾಡಬೇಕು ಅಂತ ಯುಗಾದಿಗೆ ಶುರು ಮಾಡಿದೆ. ಚಹಾದ ಕಪ್ಪು, ಚಪ್ಪಲಿ, ಕಿಟಕಿ, ಗಿಡದ ಕುಂಡ ಎಲ್ಲ ಬರೆದಾಯ್ತು. ಈಗ ಏನು ಬರೆಯಬೇಕೋ ತೋಚುವುದಿಲ್ಲ. ಫೋನಿನಲ್ಲಿ ವಾರ್ಲಿ, ಮಧುಬನಿ, ಮಂಡಲ ನೋಡಿ ನಕಲು ಮಾಡುತ್ತೇನೆ. ಚಂದ ಬರುತ್ತದೆ, ಆದರೆ ನನ್ನದು ಅನ್ನಿಸುವುದಿಲ್ಲ. ನಮ್ಮ ಕಡೆಯ ಕಲೆ, ಹಬ್ಬಗಳಿಂದ ಸ್ಫೂರ್ತಿ ಪಡೆಯುವುದು ಹೇಗೆ? ಅದೂ ನಕಲೇ ಆಗುವುದಿಲ್ಲವೇ? ದಿನಕ್ಕೆ ಅರ್ಧ ಗಂಟೆಗಿಂತ ಜಾಸ್ತಿ ಸಮಯ ಸಿಗುವುದಿಲ್ಲ.

ಉತ್ತರ: ನಕಲು ಮಾಡಿ, ತಪ್ಪೇನಿಲ್ಲ. ಏನನ್ನು ನಕಲು ಮಾಡುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಫೋನಿನಲ್ಲಿ ವಾರ್ಲಿ ಮನುಷ್ಯನನ್ನು ನೋಡಿ ಬರೆದಾಗ ನಿಮಗೆ ಸಿಗುವುದು ಎರಡು ತ್ರಿಕೋನ, ಒಂದು ಸೊನ್ನೆ, ನಾಲ್ಕು ಕಡ್ಡಿ. ಆದರೆ ಆ ಮನುಷ್ಯ ಹುಟ್ಟಿದ್ದು ಮಣ್ಣು, ಸಗಣಿ ಸಾರಿಸಿದ ಗೋಡೆಯ ಮೇಲೆ. ಅಕ್ಕಿ ಹಿಟ್ಟು ಕಲಸಿ, ತುದಿ ಜಜ್ಜಿದ ಬಿದಿರು ಕಡ್ಡಿಯಿಂದ ಬರೆದದ್ದು. ಅಂಥ ಕಡ್ಡಿಯಲ್ಲಿ ಮೂಗು, ತುಟಿ, ರೆಪ್ಪೆ ಬಿಡಿಸಲು ಹೋದರೆ ಮುದ್ದೆಯಾಗುತ್ತದೆ. ಅದಕ್ಕೇ ಅವನಿಗೆ ಮುಖವಿಲ್ಲ. ಜೆಲ್ ಪೆನ್ನಿನಲ್ಲಿ ನುಣುಪಾದ ಕಾಗದದ ಮೇಲೆ ಬರೆಯುವ ನಿಮಗೆ ಆ ಕಟ್ಟುಪಾಡು ಇಲ್ಲ. ಆಕಾರ ಬಂತು, ಕಾರಣ ಬರಲಿಲ್ಲ. ‘ನನ್ನದು’ ಅನ್ನಿಸದೆ ಇರುವುದು ಇಲ್ಲೇ.

ಹಾಗಾಗಿ ನನ್ನ ಸಲಹೆ ಒಂದೇ. ಯಾವ ಕಲೆಯನ್ನೇ ಹಿಡಿಯಿರಿ, ಅದರ ಚಿತ್ರಕ್ಕಿಂತ ಮೊದಲು ಅದನ್ನು ಮಾಡುವ ಕೈಯ ಲೆಕ್ಕ ಕಲಿಯಿರಿ. ಎಲ್ಲಿಂದ ಶುರು ಮಾಡುತ್ತಾರೆ, ಯಾವುದು ಮರಳಿ ಮರಳಿ ಬರುತ್ತದೆ, ಸಾಮಾನು ಏನನ್ನು ಮಾಡಗೊಡುವುದಿಲ್ಲ. ಇದನ್ನೇ ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ. ಲೆಕ್ಕ ಕೈಗೆ ಬಂದ ಮೇಲೆ ಅದರಲ್ಲಿ ನಿಮ್ಮ ಚಹಾದ ಕಪ್ಪನ್ನೂ ಬರೆಯಬಹುದು. ಆಗ ಅದು ನಕಲಲ್ಲ, ಅಲ್ವಾ?

ನೀವು ಅಕೌಂಟ್ಸ್‌ನವರು. ನಿಮಗೆ ಕಸೂತಿಯೇ ಸರಿ.

ಧಾರವಾಡ ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವುದಿಲ್ಲ. ಸೀಮೆಸುಣ್ಣ ಇಲ್ಲ, ಅಚ್ಚು ಇಲ್ಲ. ಬಟ್ಟೆಯ ಎಳೆಗಳನ್ನು ಎಣಿಸುತ್ತಾ ಸೂಜಿ ಓಡಿಸುತ್ತಾರೆ. ಗಂಟೂ ಹಾಕುವುದಿಲ್ಲ. ಹೊಲಿಗೆ ನಾಲ್ಕು: ಗವಂತಿ, ಮುರಗಿ, ನೇಗಿ, ಮೆಂತಿ. ಗವಂತಿಯಲ್ಲಿ ಸೂಜಿ ಒಂದು ಗೆರೆ ಹೊಲಿದು ಒಂದು ಗೆರೆ ಬಿಟ್ಟು ಹೋಗುತ್ತದೆ. ವಾಪಸ್ ಬರುವಾಗ ಬಿಟ್ಟ ಜಾಗವನ್ನೆಲ್ಲ ತುಂಬುತ್ತದೆ. ಅದಕ್ಕೇ ಸೀರೆಯ ಎರಡೂ ಕಡೆ ಚಿತ್ತಾರ ಒಂದೇ ಥರ ಕಾಣುತ್ತದೆ. ಮುರಗಿಯದೂ ಇದೇ ನಡೆ, ಆದರೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಇಳಿಯುತ್ತದೆ. ನೇಗಿ ಉದ್ದ ಗಿಡ್ಡ ಎಳೆಗಳ ಹೊಲಿಗೆ, ನೋಡಲು ಮಗ್ಗದಲ್ಲೇ ನೇಯ್ದಂತಿರುತ್ತದೆ. ಮೆಂತಿ ಎಂದರೆ ಗುಣಾಕಾರದ ಗುರುತಿನ ಹೊಲಿಗೆ, ತುಂಬಿ ಭಾರವಾಗಿ ಕಾಣಬೇಕಾದಲ್ಲಿ ಬಳಸುತ್ತಾರೆ.

ಇದನ್ನು ಕಾಗದದ ಮೇಲೆ ಮಾಡಿ ನೋಡಿ. ಮಕ್ಕಳ ಚೌಕಳಿ ಲೆಕ್ಕದ ನೋಟ್‌ಬುಕ್ ತನ್ನಿ. ಎರಡು ಬಣ್ಣದ ಪೆನ್ನು ಸಾಕು. ಕೆಂಪು ಪೆನ್ನಿನಲ್ಲಿ ಚೌಕದ ಒಂದು ಬದಿ ಎಳೆಯಿರಿ, ಮುಂದಿನದನ್ನು ಬಿಡಿ, ಮತ್ತೆ ಒಂದು ಎಳೆಯಿರಿ. ಹೀಗೆ ಒಂದು ಗೋಪುರದ ಅಂಚು ಮುಗಿಸಿ. ಈಗ ನೀಲಿ ಪೆನ್ನಿನಲ್ಲಿ ಅದೇ ದಾರಿಯಲ್ಲಿ ಹಿಂದಕ್ಕೆ ಬನ್ನಿ, ಬಿಟ್ಟದ್ದನ್ನು ತುಂಬಿ. ನೇರ ಗೆರೆಯಲ್ಲಿ ಇದು ಸುಲಭ. ಕವಲು ಬಂದಾಗ ಮಜಾ ಶುರು. ಗೋಪುರದ ಪಕ್ಕಕ್ಕೆ ಒಂದು ಧ್ವಜ ಚಾಚಿದೆ ಅಂದುಕೊಳ್ಳಿ. ಅದರ ತುದಿಯವರೆಗೆ ಹೋಗಿ, ವಾಪಸ್ ಕವಲಿಗೆ ಬಂದು, ಆಮೇಲೆ ಮುಂದೆ ಹೋಗಬೇಕು. ಪೆನ್ನು ಎಲ್ಲೂ ಹಾರುವಂತಿಲ್ಲ. ಲೆಕ್ಕ ತಪ್ಪಿದರೆ ಕೊನೆಗೆ ಎಲ್ಲೋ ಒಂದು ಗೆರೆ ಖಾಲಿ ಉಳಿಯುತ್ತದೆ, ಥೇಟ್ ಟ್ಯಾಲಿ ಆಗದ ಲೆಡ್ಜರಿನ ಹಾಗೆ. ನೀವು ಹುಡುಕಿಯೇ ಹುಡುಕುತ್ತೀರಿ, ನನಗೆ ಗೊತ್ತು.

ಇಷ್ಟು ಮಾಡಿದ ಮೇಲೆ ಕಸೂತಿಯ ಆನೆಯ ಬೆನ್ನು ಯಾಕೆ ಮೆಟ್ಟಿಲು ಮೆಟ್ಟಿಲಾಗಿದೆ ಅಂತ ಯಾರೂ ಹೇಳಿಕೊಡಬೇಕಿಲ್ಲ. ಎಳೆ ಉದ್ದಕ್ಕೆ ಇದೆ, ಅಡ್ಡಕ್ಕೆ ಇದೆ. ದುಂಡಗೆ ತಿರುಗುವ ಎಳೆ ಬಟ್ಟೆಯಲ್ಲಿ ಇಲ್ಲವೇ ಇಲ್ಲ. ತೇರು, ಪಲ್ಲಕ್ಕಿ, ತುಳಸಿ ಕಟ್ಟೆ, ಶಂಖ, ಗಿಳಿ, ಎಲ್ಲವೂ ಈ ಕಟ್ಟಳೆಯೊಳಗೇ ಹುಟ್ಟಿದವು. ತೇರು, ತುಳಸಿ ಕಟ್ಟೆ ಇದಕ್ಕೆ ಸಲೀಸಾಗಿ ಒಗ್ಗುತ್ತವೆ, ಅವು ಮೊದಲೇ ಮೆಟ್ಟಿಲಿನ ಆಕಾರ. ಶಂಖ ಒಗ್ಗುವುದಿಲ್ಲ. ಆದರೂ ಬಿಟ್ಟಿಲ್ಲ ನೋಡಿ ನಮ್ಮ ಹೆಣ್ಣುಮಕ್ಕಳು. ದುಂಡನೆಯ ಶಂಖವನ್ನು ಮೂಲೆಗಳಿಂದ ಹೇಗೆ ಕಟ್ಟಿದ್ದಾರೆ ಅನ್ನುವುದನ್ನೇ ಒಂದು ವಾರ ಬರೆಯಬಹುದು. ಆಮೇಲೆ ಹಳೇ ಕಾಲದಲ್ಲಿ ಇಲ್ಲದ್ದನ್ನು ಇದೇ ಲೆಕ್ಕದಲ್ಲಿ ಬರೆಯಿರಿ. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸು, ಗ್ಯಾಸ್ ಸಿಲಿಂಡರ್, ನಿಮ್ಮ ಆಫೀಸಿನ ಕ್ಯಾಲ್ಕುಲೇಟರ್. ಬಸ್ಸು ಸುಲಭ. ಸಿಲಿಂಡರ್ ಕಷ್ಟ ಕೊಡುತ್ತದೆ.

ಕಸೂತಿ ಎಲ್ಲಿ ನೋಡಬೇಕು? ಮೊದಲು ಮನೆಯ ಟ್ರಂಕಿನಲ್ಲಿ. ಅಜ್ಜಿಯದೋ ದೊಡ್ಡಮ್ಮನದೋ ಒಂದು ಇಳಕಲ್ ಸೀರೆ ಇದ್ದೇ ಇರುತ್ತದೆ. ಇಲ್ಲದಿದ್ದರೆ ಧಾರವಾಡದಲ್ಲಿ ಕಸೂತಿ ಮಾಡುವ, ಮಾರುವ ಕಡೆ ಹೋಗಿ ಕೇಳಿ. ಸೆರಗಿನ ಹತ್ತಿರ ಚಿತ್ತಾರ ದೊಡ್ಡದಾಗಿರುತ್ತದೆ, ಸೆರಗಿನಿಂದ ದೂರ ಹೋದಂತೆ ಸಣ್ಣದಾಗುತ್ತಾ ಹೋಗುತ್ತದೆ. ಸೀರೆ ಸಿಕ್ಕರೆ ಮಡಿಕೆ ಬಿಚ್ಚಿ ಹರವಿ ನೋಡಿ, ಸೆರಗನ್ನಷ್ಟೇ ನೋಡಿ ಎದ್ದು ಬರಬೇಡಿ. ಮೆಷಿನ್ ಕೆಲಸವೋ ಕೈ ಕೆಲಸವೋ ಅಂತ ಗೊತ್ತಾಗಲು ಬಟ್ಟೆ ತಿರುಗಿಸಿ. ಗವಂತಿ, ಮುರಗಿ ಇದ್ದ ಕಡೆ ಹಿಂದೆ ಗೋಜಲು, ಗಂಟು ಕಂಡರೆ ಆ ಸೀರೆ ನಮಗೆ ಬೇಡ.

ಈಗ ಶೀರ್ಷಿಕೆಯ ನವಿಲಿಗೆ ಬರುತ್ತೇನೆ. ಯಾರಾದರೂ ‘ಒಂದೇ ವಿಷಯ ಹೇಳಿ, ಅದನ್ನಷ್ಟೇ ಬರೆಯುತ್ತೇನೆ’ ಅಂದರೆ ನಾನು ನವಿಲು ಅನ್ನುತ್ತೇನೆ. ಯಾಕೆಂದರೆ ನಮ್ಮ ಭಾಗದಲ್ಲಿ ಕನಿಷ್ಠ ಮೂರು ಥರದ ನವಿಲು ಇವೆ, ಮೂರೂ ಒಂದಕ್ಕೊಂದು ಹೋಲುವುದಿಲ್ಲ.

ಒಂದು, ಕಸೂತಿಯ ನವಿಲು, ಎಳೆ ಎಣಿಸಿ ಕಟ್ಟಿದ್ದು. ಇನ್ನೊಂದು ನವಲಗುಂದ ಜಮಖಾನದ ನವಿಲು. ನವಲಗುಂದದ ಹೆಣ್ಣುಮಕ್ಕಳು ಹತ್ತಿಯ ನೂಲಿನಲ್ಲಿ ನೇಯುವ ಈ ಜಮಖಾನಗಳಲ್ಲಿ ನವಿಲು ಇರುತ್ತದೆ, ಪಗಡೆ ಹಾಸಿನ ಮನೆಗಳಿರುತ್ತವೆ. ಅಲ್ಲಿ ಗೆರೆ ಅನ್ನುವುದೇ ಇಲ್ಲ. ಬಣ್ಣದ ನೂಲು ಒಂದು ತುಂಡು ಜಾಗ ತುಂಬಿ ನಿಲ್ಲುತ್ತದೆ, ಪಕ್ಕದಲ್ಲಿ ಬೇರೆ ಬಣ್ಣ ಶುರುವಾಗುತ್ತದೆ. ಅಂದರೆ ಕಸೂತಿಯ ನವಿಲನ್ನು ಪೆನ್ನಿನಲ್ಲಿ ಬರೆಯಬೇಕು, ಜಮಖಾನದ ನವಿಲನ್ನು ಬಣ್ಣದ ಕಾಗದ ಕತ್ತರಿಸಿ ಅಂಟಿಸಬೇಕು. ಗೆರೆ ಹಾಕಿ ಒಳಗೆ ಬಣ್ಣ ತುಂಬಿದರೆ ಅದರ ಗತ್ತು ಹೋಗುತ್ತದೆ. ಮೂರ್ನಾಲ್ಕು ಬಣ್ಣಕ್ಕಿಂತ ಜಾಸ್ತಿ ಬೇಡ.

ಮೂರನೆಯದು ಜೀವಂತ ನವಿಲು. ಹಾವೇರಿ ಜಿಲ್ಲೆಯ ಬಂಕಾಪುರದ ಹಳೇ ಕೋಟೆಯಲ್ಲಿ ನವಿಲು ಧಾಮವಿದೆ. ಹುಬ್ಬಳ್ಳಿಯಿಂದ ಹಾವೇರಿ ಕಡೆ ಹೋಗುವಾಗ ಶಿಗ್ಗಾವಿ ದಾಟಿದರೆ ಸಿಗುತ್ತದೆ. ಬೆಳಿಗ್ಗೆ ಬೇಗ ಹೋಗಿ, ಬಿಸಿಲೇರಿದ ಮೇಲೆ ಪೊದೆ ಸೇರಿಬಿಡುತ್ತವೆ. ಹಕ್ಕಿ ನಿಲ್ಲುವುದಿಲ್ಲ. ಹಾಗಾಗಿ ಪೂರ್ತಿ ಚಿತ್ರದ ಆಸೆ ಬಿಟ್ಟು ಕತ್ತಿನ ಬಾಗು ಒಂದು, ಹೆಜ್ಜೆ ಒಂದು, ತುರಾಯಿ ಒಂದು ಅಂತ ಪುಟದ ತುಂಬ ತುಂಡು ತುಂಡಾಗಿ ಬರೆಯಿರಿ. ಒಂದು ಮಾತು ತಿಳಿದಿರಲಿ. ನಾವು ಬಾಲ ಅನ್ನುವ ಆ ಉದ್ದ ಗರಿಗಳು ನಿಜವಾದ ಬಾಲ ಅಲ್ಲ, ಬಾಲದ ಮೇಲೆ ಹೊದ್ದ ಗರಿಗಳು. ನಿಜವಾದ ಬಾಲ ಗಿಡ್ಡದು, ಅದು ಹಿಂದಿನಿಂದ ಎತ್ತಿ ಹಿಡಿದಾಗ ನವಿಲು ಗರಿ ಬಿಚ್ಚುತ್ತದೆ. ಕುಣಿಯುವ ನವಿಲನ್ನು ಹಿಂಬದಿಯಿಂದ ಬರೆದವರಿಗಷ್ಟೇ ಇದು ಕಾಣುತ್ತದೆ. ಕ್ಯಾಲೆಂಡರ್ ಚಿತ್ರಗಳಲ್ಲಿ ಎಲ್ಲರೂ ಮುಂಭಾಗವನ್ನೇ ಬರೆಯುತ್ತಾರೆ. ಮಳೆಗಾಲ ಕಳೆಯುತ್ತಿದ್ದಂತೆ ಗಂಡು ನವಿಲು ಉದ್ದ ಗರಿ ಉದುರಿಸಿಕೊಳ್ಳುತ್ತದೆ, ಬೋಳಾದ ನವಿಲೂ ಬರೆಯಲು ಚೆಂದವೇ.

ಹೆಣ್ಣು ನವಿಲನ್ನು ಯಾವ ಕಲೆಯೂ ಅಷ್ಟಾಗಿ ಗಮನಿಸಿಲ್ಲ ಅನ್ನುವುದು ನನ್ನದೊಂದು ಹಳೇ ತಕರಾರು. ನೀವಾದರೂ ಕಸೂತಿ ಲೆಕ್ಕದಲ್ಲಿ ಒಂದು ಬರೆಯಿರಿ.

ಬಂಕಾಪುರಕ್ಕೆ ಹೋದಾಗ ಕೋಟೆಯೊಳಗಿನ ನಗರೇಶ್ವರ ಗುಡಿಯನ್ನು ಬಿಡಬೇಡಿ. ಅಲ್ಲಿ ಸಾಲು ಸಾಲು ಕಂಬಗಳಿವೆ. ಕಲ್ಯಾಣ ಚಾಲುಕ್ಯರ ಕಾಲದ ನುಣುಪಾದ ಕಂಬಗಳು. ಕಲ್ಲನ್ನು ತಿರುಗಣೆಯಲ್ಲಿ ತಿರುಗಿಸಿ ಉಳಿ ಹಿಡಿದು ಕಡೆದದ್ದು ಅನ್ನುತ್ತಾರೆ. ಇಲ್ಲೂ ಕೈಯ ಲೆಕ್ಕವೇ. ತಿರುಗಿಸಿ ಕಡೆದ ವಸ್ತುವಿನ ಎಡಬಲ ಒಂದೇ ಇರುತ್ತದೆ. ನೀವು ಬರೆಯಬೇಕಾದದ್ದು ಅರ್ಧ ಕಂಬದ ಅಂಚಿನ ಗೆರೆ ಅಷ್ಟೇ. ಎಲ್ಲಿ ಉಬ್ಬಿದೆ, ಎಲ್ಲಿ ಸೊರಗಿದೆ, ಎಲ್ಲಿ ಹರಿತವಾದ ಏಣು ಇದೆ, ಎಲ್ಲಿ ಗಂಟೆಯ ಹಾಗೆ ಇಳಿದಿದೆ ಅಂತ ಒಂದೇ ಗೆರೆಯಲ್ಲಿ ಹಿಡಿಯಿರಿ. ಇನ್ನರ್ಧವನ್ನು ಕನ್ನಡಿಯ ಪ್ರತಿಬಿಂಬದಂತೆ ಬರೆದರಾಯ್ತು. ಅದೇ ಕಣ್ಣಿನಿಂದ ಮನೆಗೆ ಬಂದು ತಾಮ್ರದ ಚೊಂಬು, ಸಮೆ (ದೀಪದ ಕಂಬ), ಮರದ ಕುರ್ಚಿಯ ಕಾಲು ಬರೆಯಿರಿ. ಬೇಸರ ತರಿಸಿದ್ದ ಆ ಚಹಾದ ಕಪ್ಪು ಕೂಡ ಈಗ ಬೇರೆಯೇ ಕಾಣುತ್ತದೆ.

ಗುಡಿಗಳ ವಿಷಯ ಬಂದರೆ ಎಲ್ಲರೂ ಲಕ್ಕುಂಡಿ ಅನ್ನುತ್ತಾರೆ. ನಾನೂ ಅನ್ನುತ್ತೇನೆ, ಆದರೆ ಮೊದಲ ಸಲವೇ ಅಲ್ಲಿಗೆ ಹೋಗಬೇಡಿ. ಗದಗಿನಿಂದ ಸುಮಾರು 12 ಕಿಲೋಮೀಟರ್. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ ಅಲ್ಲಿದೆ, ಮಾಣಿಕೇಶ್ವರ ಗುಡಿಯ ಮುಂದೆ ಮುಸುಕಿನ ಬಾವಿ ಇದೆ, ಎಲ್ಲಕ್ಕಿಂತ ಮಿಗಿಲಾಗಿ ಕಾಶಿ ವಿಶ್ವೇಶ್ವರ ಗುಡಿ ಇದೆ. ಆ ಗುಡಿಯ ಬಾಗಿಲ ಚೌಕಟ್ಟಿನ ಮುಂದೆ ನೋಟ್‌ಬುಕ್ ತೆರೆದು ಕುಳಿತ ಎಷ್ಟೋ ಜನ ಅರ್ಧ ಗಂಟೆಯಲ್ಲಿ ಮುಚ್ಚಿ ಎದ್ದಿದ್ದಾರೆ. ಅಷ್ಟು ಕೆತ್ತನೆ. ಬಾದಾಮಿ, ಐಹೊಳೆಯ ಮರಳುಗಲ್ಲಿಗಿಂತ ಇದು ಮೆದುವಾದ, ಸಣ್ಣ ಕಣದ ಕಲ್ಲು. ಅದಕ್ಕೇ ಶಿಲ್ಪಿ ಮರದಲ್ಲಿ, ದಂತದಲ್ಲಿ ಕೆತ್ತಿದಂತೆ ಕೆತ್ತಿದ್ದಾನೆ. ಇಡೀ ಬಾಗಿಲು ಬರೆಯಲು ಹೋಗುವುದು ಬೇಡ. ಒಂದು ಪಟ್ಟಿ ಆರಿಸಿಕೊಳ್ಳಿ, ಅದರಲ್ಲಿ ಒಂದು ಗೇಣು. ಬಳ್ಳಿ ಎಲ್ಲಿ ಸುತ್ತಿಕೊಂಡು ಮುಂದಿನ ಸುತ್ತಿಗೆ ಹೊರಳುತ್ತದೆ, ಆ ಹೊರಳುವ ಜಾಗ ಕಂಡುಹಿಡಿಯಿರಿ. ಅದು ಸಿಕ್ಕರೆ ಪಟ್ಟಿ ಪೂರ್ತಿ ಸಿಕ್ಕಿತು. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಉಬ್ಬು ತಗ್ಗು ಕಾಣದು, ಬೆಳಗಿನ ಅಥವಾ ಸಂಜೆಯ ಓರೆ ಬೆಳಕು ಬೇಕು. ಇನ್ನೊಂದು, ಕೆತ್ತನೆಯ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಕಲ್ಲು ಸವೆಯುತ್ತದೆ, ನಿಮ್ಮ ಕೈ ಏನೂ ಕಲಿಯುವುದಿಲ್ಲ.

ಲಕ್ಕುಂಡಿಗೆ ಮೊದಲು ಡಂಬಳ. ಮುಂಡರಗಿ ತಾಲೂಕಿನ ಡಂಬಳದಲ್ಲಿ ದೊಡ್ಡಬಸಪ್ಪನ ಗುಡಿ ಇದೆ. ಗರ್ಭಗುಡಿಯ ಹೊರಗೋಡೆ 24 ಮೂಲೆಗಳ ನಕ್ಷತ್ರದ ಆಕಾರದಲ್ಲಿದೆ. ಕೇಳಲು ಗಾಬರಿ, ಮಾಡಲು ಸಲೀಸು. ಹೋಗುವ ಮೊದಲು ಮನೆಯಲ್ಲೇ ಮಾಡಿ. ರಟ್ಟಿನಲ್ಲಿ ಒಂದು ಚೌಕ ಕತ್ತರಿಸಿ, ನಡುವೆ ಗುಂಡುಸೂಜಿ ಚುಚ್ಚಿ ಕಾಗದಕ್ಕೆ ಸಿಕ್ಕಿಸಿ. ಸುತ್ತ ಗೆರೆ ಎಳೆಯಿರಿ. ಕೋನಮಾಪಕ ಇಟ್ಟು 15 ಡಿಗ್ರಿ ತಿರುಗಿಸಿ, ಮತ್ತೆ ಎಳೆಯಿರಿ. ಹೀಗೆ ಒಟ್ಟು ಆರು ಸಲ. ಆರು ಚೌಕ, ಒಂದೊಂದಕ್ಕೆ ನಾಲ್ಕು ಮೂಲೆ. ಹೊರಗಿನ ಅಂಚನ್ನು ಮಾತ್ರ ದಪ್ಪ ಮಾಡಿ, ಒಳಗಿನದನ್ನು ಅಳಿಸಿ. ದೊಡ್ಡಬಸಪ್ಪನ ಗೋಡೆ ನಿಮ್ಮ ಮೇಜಿನ ಮೇಲೆ ಬಂತು. ಆಮೇಲೆ ಗುಡಿಯ ಮುಂದೆ ನಿಂತಾಗ ಅದೇ ಮೂಲೆಗಳು ಗೋಡೆ ಹತ್ತಿ ಶಿಖರದವರೆಗೆ ಹೋಗುವುದು ಕಾಣುತ್ತದೆ. ನೆರಳು ಉದ್ದುದ್ದ ಪಟ್ಟಿಗಳಾಗಿ ಬೀಳುತ್ತದೆ. ಆ ಬೆಳಕು, ನೆರಳಿನ ಪಟ್ಟಿ ಬರೆದರೆ ಸಾಕು, ಕೆತ್ತನೆ ಬಿಡಿಸದಿದ್ದರೂ ಗುಡಿ ಗುರುತು ಸಿಗುತ್ತದೆ.

ದೂರ ಆಯ್ತು ಅನ್ನಿಸಿದರೆ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ ನಿಮ್ಮ ಊರಲ್ಲೇ ಇದೆ. ನಾಲ್ಕೂ ದಿಕ್ಕಿಗೆ ಬಾಗಿಲು. ಭಾನುವಾರ ಬೆಳಿಗ್ಗೆ ಹೋಗಿ ಬನ್ನಿ.

ಹಬ್ಬಗಳ ಬಗ್ಗೆ ಕೇಳಿದ್ದೀರಿ. ಇಲ್ಲಿ ನಮ್ಮ ಭಾಗ ಶ್ರೀಮಂತ. ಪಂಚಾಂಗವನ್ನೇ ಸ್ಕೆಚ್ ಪಟ್ಟಿ ಮಾಡಿಕೊಳ್ಳಬಹುದು. ಕಾರ ಹುಣ್ಣಿಮೆಗೆ ಬಣ್ಣ ಬಳಿದ ಕೋಡಿನ ಎತ್ತುಗಳು. ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಆಷಾಢದ ಮಂಗಳವಾರಗಳಲ್ಲಿ ಮಣ್ಣಿನ ಗುಳ್ಳವ್ವ, ಪಂಚಮಿಗೆ ಜೋಕಾಲಿ, ಭಾದ್ರಪದದಲ್ಲಿ ಗಣಪ್ಪನ ಹಿಂದೆಯೇ ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಕುಳಿತು ಮನೆ ಮನೆಗೆ ಬರುವ ಜೋಕುಮಾರ. ದೀಪಾವಳಿಗೆ ಸಗಣಿಯ ಪಾಂಡವರು, ಗೌರಿ ಹುಣ್ಣಿಮೆಗೆ ಅಚ್ಚಿನಲ್ಲಿ ಎರಕ ಹೊಯ್ದ ಸಕ್ಕರೆ ಗೊಂಬೆ. ಹೆಚ್ಚಿನವೆಲ್ಲ ಮಣ್ಣು, ಸಗಣಿ, ಸಕ್ಕರೆಯ ಮೂರ್ತಿಗಳು. ಕರಗುವುದಕ್ಕೇ ಮಾಡಿದವು. ಹಾಗಾಗಿ ಅಂದಿನ ಚಿತ್ರ ಅಂದೇ ಬರೆಯಬೇಕು.

ಇವುಗಳಲ್ಲಿ ಮಣ್ಣೆತ್ತನ್ನು ನಾನು ಬಹಳ ಹಚ್ಚಿಕೊಂಡಿದ್ದೇನೆ. ಸಿದ್ಧ ಎತ್ತನ್ನು ಬರೆಯುವುದಕ್ಕಿಂತ, ಮಾಡುವವರ ಪಕ್ಕ ಕುಳಿತು ಒಂದೊಂದು ಹಂತ ಬರೆಯಿರಿ. ಮೊದಲು ಒಂದು ಉಂಡೆ, ಅದನ್ನು ಉದ್ದ ಮಾಡಿದಾಗ ಮೈ, ನಾಲ್ಕು ಕಡೆ ಎಳೆದಾಗ ಕಾಲು, ಬೆರಳಿನಿಂದ ಚಿವುಟಿದಾಗ ಇಣಿ, ಅಂದರೆ ಹೆಗಲ ಮೇಲಿನ ಡುಬ್ಬ. ಆ ಎತ್ತಿನ ಇಣಿ ಯಾಕೆ ಹಾಗಿದೆ ಅಂದರೆ ಹೆಬ್ಬೆರಳು, ತೋರುಬೆರಳು ಸೇರುವುದು ಹಾಗೆ. ನಿಮ್ಮ ಚಿತ್ರದಲ್ಲಿ ಬೆರಳುಗಳೂ ಬರಲಿ. ಸಕ್ಕರೆ ಗೊಂಬೆಯದು ಬೇರೆ ಕಥೆ. ಅದು ಮರದ ಅಚ್ಚಿನಿಂದ ಬಂದದ್ದು, ಎರಡು ಹೋಳು ಸೇರುವ ಕಡೆ ಒಂದು ಸಣ್ಣ ಏಣು ಉಳಿದಿರುತ್ತದೆ. ಅದನ್ನು ಬಿಡದೆ ಬರೆಯಿರಿ.

ಓಡುವ, ಕುಣಿಯುವ ಆಕೃತಿ ಬೇಕೆಂದರೆ ಹೋಳಿ ಹುಣ್ಣಿಮೆಯ ಜಗ್ಗಲಿಗೆ. ಬ್ಯಾಹಟ್ಟಿ ಕಡೆಯವರು ಇದಕ್ಕೆ ಹೆಸರುವಾಸಿ. ಚಕ್ಕಡಿ ಗಾಲಿಯ ಹಳಿಗೆ ಎಮ್ಮೆ ಚರ್ಮ ಬಿಗಿದ ವಾದ್ಯ. ಉರುಳಿಸುತ್ತಾ ಬಡಿಯುತ್ತಾ ಸಾಗುತ್ತಾರೆ. ಅಲ್ಲಿ ವಿವರ ಬರೆಯಲು ಸಮಯವಿಲ್ಲ, ಒಂದು ದೊಡ್ಡ ಸೊನ್ನೆ, ಅದಕ್ಕೆ ಬಾಗಿದ ಬೆನ್ನು, ಎತ್ತಿದ ಕೈ. ಒಂದೊಂದಕ್ಕೆ ಅರ್ಧ ನಿಮಿಷ. ಅದಕ್ಕೆ ಕೈ ಪಳಗಿಲ್ಲ ಅನ್ನಿಸಿದರೆ ಮೊದಲು ಶಿಗ್ಗಾವಿ ಹತ್ತಿರ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ಗೆ ಹೋಗಿ. ಕಲಾವಿದ ಟಿ.ಬಿ. ಸೊಲಬಕ್ಕನವರ ಕಲ್ಪನೆಯಲ್ಲಿ ಬಂದ ಜಾಗ. ಹಳ್ಳಿಯ ಬದುಕೆಲ್ಲ ಅಲ್ಲಿ ಆಳೆತ್ತರದ ಶಿಲ್ಪಗಳಾಗಿ ನಿಂತಿದೆ. ಅವು ಅಲುಗುವುದಿಲ್ಲ, ‘ಏನು ಬರೀತಿದ್ದೀರಿ’ ಅಂತ ಕೇಳುವುದೂ ಇಲ್ಲ. ಪಕ್ಕದಿಂದ, ಹಿಂದಿನಿಂದ ಸುತ್ತಾಡಿ ಬರೆಯಿರಿ. ಆಮೇಲೆ ಹಾವೇರಿಗೆ ಹೋಗಿ ಯಾಲಕ್ಕಿ ಹಾರ ಕಟ್ಟುವ ಕೈಗಳನ್ನು ಬರೆದು ನೋಡಿ.

ಅರ್ಧ ಗಂಟೆಯ ವಿಷಯ. ಅರ್ಧ ಗಂಟೆ ಸಾಕು, ಆದರೆ ಏನು ಬರೆಯಬೇಕು ಅಂತ ಹುಡುಕುವುದರಲ್ಲೇ ಅದು ಕಳೆಯಬಾರದು. ಹಾಗಾಗಿ ತಿಂಗಳಿಗೆ ಒಂದೇ ಕಲೆ. ವಾರಾಂತ್ಯದಲ್ಲಿ ಒಂದು ಕಡೆ ಹೋಗಿ ನೋಡಿ, ಫೋಟೊ ಅಲ್ಲ, ಕೈಯಾರೆ ಟಿಪ್ಪಣಿ ಮಾಡಿಕೊಂಡು ಬನ್ನಿ. ವಾರದ ದಿನಗಳಲ್ಲಿ ಆ ಲೆಕ್ಕವನ್ನು ಮನೆಯ ವಸ್ತುಗಳ ಮೇಲೆ ಪ್ರಯೋಗಿಸಿ. ಎಲ್ಲೂ ಹೋಗಲಾಗದ ವಾರ ಹಾಸಿಗೆಯ ಮೇಲಿನ ಕೌದಿ ಇದೆ. ಹಳೇ ಸೀರೆಯ ತುಂಡುಗಳು ಎಲ್ಲಿ ಕೂಡಿವೆ, ದಾರದ ಸಾಲುಗಳು ಎಲ್ಲಿ ಡೊಂಕಾಗಿವೆ, ಬರೆಯಿರಿ. ಬಾಗಿಲ ಮುಂದೆ ಚುಕ್ಕಿ ರಂಗೋಲಿ ಇದೆ. ಸ್ಟಿಕರ್ ರಂಗೋಲಿ ಅಂಟಿಸಿದ್ದರೆ ನಾನೇನೂ ಹೇಳುವುದಿಲ್ಲ. ಸಾಮಾನಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 2ಬಿ ಪೆನ್ಸಿಲ್, ಒಂದು ಪೆನ್ನು, ಚೌಕಳಿ ಪುಸ್ತಕ, ಒಂದು ಬಿಳಿ ಹಾಳೆಯ ಪುಸ್ತಕ. ದುಬಾರಿ ಪುಸ್ತಕ ಕೊಂಡವರು ಮೊದಲ ಪುಟ ಹಾಳಾದೀತು ಅಂತ ಹೆದರಿ ಬರೆಯುವುದೇ ಇಲ್ಲ.

ಕೊನೆಗೆ, ನೀವು ಕೇಳದಿದ್ದರೂ ಹೇಳಬೇಕಾದದ್ದು. ಕಸೂತಿ ಮಾಡುವವರ, ಜಮಖಾನ ನೇಯುವವರ ಮನೆಗೆ ಹೋದಾಗ ಕೇಳಿಯೇ ಬರೆಯಿರಿ. ಅವರ ಕೆಲಸದ ಹೊತ್ತು ತಿನ್ನುತ್ತೀರಿ, ಹಾಗಾಗಿ ಚಿಕ್ಕದಾದರೂ ಏನಾದರೂ ಕೊಂಡುಕೊಳ್ಳಿ, ಚೌಕಾಸಿ ಮಾಡಬೇಡಿ. ಬರೆದದ್ದನ್ನು ಅವರಿಗೆ ತೋರಿಸಿ. ಎಳೆ ತಪ್ಪಿದ್ದರೆ ಅವರು ಒಂದೇ ನೋಟಕ್ಕೆ ಹೇಳುತ್ತಾರೆ, ಅಂಥ ತಿದ್ದುವಿಕೆ ಯಾವ ಕ್ಲಾಸಿನಲ್ಲೂ ಸಿಗದು. ತಾಂಡಾದ ಲಂಬಾಣಿ ಅಜ್ಜಿಯ ಉಡುಪು ಬರೆಯುವಾಗಲೂ ಅಷ್ಟೇ, ಮೊದಲು ಅವರ ಜೊತೆ ಮಾತಾಡಿ. ಇನ್‌ಸ್ಟಾಗ್ರಾಂಗೆ ಹಾಕುವುದಾದರೆ ‘ಕಸೂತಿ, ಧಾರವಾಡ’, ‘ಜಮಖಾನ, ನವಲಗುಂದ’ ಅಂತ ಕೆಳಗೆ ಬರೆಯಿರಿ, ಒಬ್ಬರ ಸ್ವಂತ ವಿನ್ಯಾಸವಾದರೆ ಅವರ ಒಪ್ಪಿಗೆ ಪಡೆದು ಹೆಸರು ಹಾಕಿ. ಕಸೂತಿ, ನವಲಗುಂದ ಜಮಖಾನ ಎರಡಕ್ಕೂ ಭೌಗೋಳಿಕ ಗುರುತು, ಅಂದರೆ ಜಿಐ ಮಾನ್ಯತೆ ಇದೆ. ಹಳೇ ಚಿತ್ತಾರವನ್ನು ಹಾಗೆ ಹಾಗೇ ಟೀ ಶರ್ಟಿನ ಮೇಲೆ ಅಚ್ಚು ಹಾಕಿ ‘ಧಾರವಾಡ ಕಸೂತಿ’ ಅಂತ ಮಾರುವುದು ಬೇಡ. ನಿಮ್ಮ ಕಸೂತಿ ಲೆಕ್ಕದ ಗ್ಯಾಸ್ ಸಿಲಿಂಡರ್ ಇದೆಯಲ್ಲ, ಅದನ್ನು ಧಾರಾಳವಾಗಿ ಹಾಕಿಕೊಳ್ಳಿ.